ಬೆಳಕಿನ ತಂತಿಯ ವೀಣೆ

ತಂತಿಯಿಲ್ಲದ ವೀಣೆಯೆಂದರೆ ಬರಿಯ ಕವಿಸಮಯವೆಂದು ತೋರಬಹುದು. ಆದರೆ ಫ್ರಾನ್ಸ್ ದೇಶದ ವಾದ್ಯಗಾರ ಜಾನ್ ಮಿಷೆಲ್ ಜಾರ್ ಅವರು 1981ರಲ್ಲಿ ಚೀನಾದ ಕಚೇರಿಗಳಲ್ಲಿ ಲೇಸರ್ ಕಿರಣಗಳನ್ನೇ ತಂತಿಗಳಾಗಿ ನುಡಿಸಿದರು.

ಇದರ ಕಿರುರೂಪವನ್ನು ಪ್ರೌಢಶಾಲೆಯ ಮಕ್ಕಳೂ ಕಟ್ಟಬಲ್ಲರು. ಮರದ ಚೌಕಟ್ಟಿನ ಮೇಲಂಚಿನಲ್ಲಿ ಏಳು ದೀಪಗಳು. ಒಂದೊಂದಕ್ಕೂ ಎದುರಾಗಿ ಕೆಳಗೆ ಎಲ್.ಡಿ.ಆರ್. ಎಂಬ ಬಿಲ್ಲೆ. ಬೆಳಕು ಬಿದ್ದಾಗ ಈ ಬಿಲ್ಲೆಯ ವಿದ್ಯುದ್ರೋಧ ತಗ್ಗುವುದು, ನೆರಳಾದಾಗ ಏರುವುದು. ಬೆರಳು ಕಿರಣವನ್ನು ತಡೆದೊಡನೆ ಆ ಏರಿಕೆಯೇ ಸನ್ನೆಯಾಗಿ, 555 ಎಂಬ ಐ.ಸಿ. ಆಂದೋಲನಕ್ಕೆ ತೊಡಗಿ ಸ್ಪೀಕರ್ ನುಡಿಯುವುದು. ದೀಪಕ್ಕೆ ಬದಲು ಲೇಸರ್ ಇಡುವವರು ಅದು ಯಾರ ಕಣ್ಣಿಗೂ ತಾಗದಂತೆ ನೋಡಿಕೊಳ್ಳತಕ್ಕದ್ದು.

ಸ್ವಾರಸ್ಯವಿರುವುದು ಶ್ರುತಿಯಲ್ಲಿ. ವೈಣಿಕನು ಬಿರಡೆ ತಿರುಹುವಂತೆ ಇಲ್ಲಿ ಪ್ರಿಸೆಟ್ ಎಂಬ ತಿರುಪನ್ನು ತಿರುಹಬೇಕು. ರೋಧ ಕಿರಿದಾದಷ್ಟೂ ಸ್ವರ ಮೇಲೇರುವುದು. ಷಡ್ಜವು ಸೆಕೆಂಡಿಗೆ 240 ಕಂಪನವಾದರೆ ಪಂಚಮ 360, ತಾರಷಡ್ಜ 480.

ಆದರೆ ಗಮಕವೆಲ್ಲಿ? ಕಿರಣಕ್ಕೆ ತಡೆ ಉಂಟು, ಇಲ್ಲ ಎಂಬ ಎರಡೇ ಸ್ಥಿತಿ. ಮೋಹನಕ್ಕೆ ಹೇಗೋ ಸಾಕಾದೀತು. ತೋಡಿಯ ಗಾಂಧಾರ ಇದರಲ್ಲಿ ಹುಟ್ಟದು. ಪ್ರಿಸೆಟ್ಟಿನ ಸ್ಥಾನದಲ್ಲಿ ಎಲ್.ಡಿ.ಆರ್. ಅನ್ನೇ ಕೂಡಿಸಿದರೆ ಅಂಗೈಯ ನೆರಳು ದಟ್ಟವಾದಂತೆಲ್ಲ ಸ್ವರ ಜಾರುತ್ತ ಇಳಿಯುವುದು. ಅಷ್ಟಾದರೂ ಆ ಬಿಲ್ಲೆ ಸ್ವಭಾವತಃ ಜಡ. ನೆರಳು ಬಿದ್ದ ಮೇಲೂ ತುಸು ಹೊತ್ತು ಬೆಳಕಲ್ಲೇ ಇದ್ದಂತಿರುತ್ತದೆ. ನಿಧಾನದ ಜಾರನ್ನು ಅದು ಒಲಿಸಿಕೊಡುವುದು, ವೇಗದ ಕಂಪಿತವನ್ನಲ್ಲ.