ಒತ್ತದೇ ಉಳಿದ ಸ್ವಿಚ್ಚು

‘ಟೆನ್ಶನ್ ತಗೋಬೇಡ.’ ಪರೀಕ್ಷೆಗೆ ಹೊರಟ ಮಗಳಿಗೆ ತಾಯಿ, ಮದುವೆ ಮನೆಯ ಯಜಮಾನನಿಗೆ ನೆಂಟರು, ಸಾಲದ ಕಂತಿನ ಲೆಕ್ಕ ಹಾಕುತ್ತ ಕೂತವನಿಗೆ ಗೆಳೆಯ, ಬಿಪಿ ನೋಡಿದ ಮೇಲೆ ಡಾಕ್ಟರು, ಎಲ್ಲರೂ ಹೇಳುವ ಮಾತು ಇದೇ. ಅಂಗಡಿಯವನು ಮುಂದಿಟ್ಟ ಸಾಮಾನನ್ನು ಬೇಡವೆಂದು ಆಚೆ ಸರಿಸಿದ ಹಾಗೆ ಟೆನ್ಶನ್ನನ್ನೂ ಸರಿಸಿಬಿಡಬಹುದು ಎಂಬ ನಂಬಿಕೆ ಈ ಮಾತಿನ ಬೆನ್ನಿಗಿದೆ. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ಎಷ್ಟೋ ಸಲ ಅಸೂಯೆಯಿಂದಲೇ ಆಡುತ್ತೇವೆ. ಸಂತೆಗೆ ಹೋದವನು ಮಲಗಿಬಿಟ್ಟರೆ ವ್ಯಾಪಾರ ಮಾಡುವವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಒತ್ತಡವೇ ಇಲ್ಲದ ಬದುಕು ಸಿಗುವುದಿಲ್ಲ, ಸಿಕ್ಕರೂ ಅದರಿಂದ ಕೆಲಸವಾಗುವುದಿಲ್ಲ. ಹಾಗಿದ್ದಮೇಲೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಒತ್ತಡ ಎಷ್ಟಿದೆ ಎನ್ನುವುದಕ್ಕಿಂತ, ಅದನ್ನು ಹಿಡಿದು ಎತ್ತಲು ಒಂದು ಹಿಡಿ ಇದೆಯೇ, ಇದ್ದರೆ ಅದು ಯಾರ ಕೈಯಲ್ಲಿದೆ ಎನ್ನುವುದು ಮುಖ್ಯ.

ಒತ್ತಡಕ್ಕೆ ಕೆಟ್ಟ ಹೆಸರು ಬಂದದ್ದರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿಯ ಪಾಲು ದೊಡ್ಡದು. ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಆತ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದ. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯ ಮಾಡಿದರೂ, ಮಿತಿಮೀರಿ ದಣಿಸಿದರೂ ಅವುಗಳ ದೇಹ ಹೆಚ್ಚುಕಡಿಮೆ ಒಂದೇ ರೀತಿ ಕೆಡುತ್ತಿತ್ತು: ಅಡ್ರಿನಲ್ ಗ್ರಂಥಿ ಊದುತ್ತಿತ್ತು, ಥೈಮಸ್ ಗ್ರಂಥಿ ಕುಗ್ಗುತ್ತಿತ್ತು, ಹೊಟ್ಟೆಯಲ್ಲಿ ಹುಣ್ಣಾಗುತ್ತಿತ್ತು. ಮುಂದೆ ಲೋಕವೆಲ್ಲ ‘ಸ್ಟ್ರೆಸ್’ ಎಂದು ಕರೆದದ್ದು ಇದರ ಸುತ್ತ ಬೆಳೆದ ಕಲ್ಪನೆಯನ್ನೇ. ಆದರೆ ಅದೇ ಸೆಲ್ಯೆ 1974ರಲ್ಲಿ ಬರೆದ ಪುಸ್ತಕದ ಹೊತ್ತಿಗೆ ಕಾಡುವ ಒತ್ತಡ ಬೇರೆ, ಬೆಳೆಸುವ ಒತ್ತಡ ಬೇರೆ ಎಂದು ವಾದಿಸುತ್ತಿದ್ದ. ಒತ್ತಡದಿಂದ ಪೂರ್ತಿ ಬಿಡುಗಡೆ ಎಂದರೆ ಸಾವು ಎನ್ನುವವರೆಗೆ ಅವನ ವಿಚಾರ ಹೋಗಿತ್ತು. ಸೆಲ್ಯೆಯ ಮೊದಲ ಮಾತು ಮನೆಮಾತಾಯಿತು, ಎರಡನೆಯದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ.

ಹಾಗಾದರೆ ಕಾಡುವುದನ್ನೂ ಬೆಳೆಸುವುದನ್ನೂ ಬೇರ್ಪಡಿಸುವ ಗೆರೆ ಯಾವುದು? ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ನಡೆಸಿ, 1972ರಲ್ಲಿ ಪುಸ್ತಕವಾಗಿ ತಂದ ಪ್ರಯೋಗಗಳಲ್ಲಿ ಇದಕ್ಕೆ ಒಳ್ಳೆಯ ಸುಳಿವಿದೆ. ಕೋಣೆಯಲ್ಲಿ ಕೂತು ಕೆಲಸ ಮಾಡುವವರ ಕಿವಿಗೆ ಅವರು ಕರ್ಕಶ ಸದ್ದು ಬಿಟ್ಟರು. ಸ್ಪ್ಯಾನಿಷ್ ಮಾತು, ಆರ್ಮೇನಿಯನ್ ಮಾತು, ಟೈಪ್‌ರೈಟರ್, ಲೆಕ್ಕದ ಯಂತ್ರ, ನಕಲು ತೆಗೆಯುವ ಯಂತ್ರ ಎಲ್ಲವನ್ನೂ ಒಂದರ ಮೇಲೊಂದು ಹೇರಿ ಮುದ್ರಿಸಿದ ಗದ್ದಲ ಅದು. ಒಂದು ಗುಂಪಿನವರ ಕೈಗೆಟಕುವಂತೆ ಸ್ವಿಚ್ಚೊಂದಿತ್ತು: ತಡೆಯಲಾಗದಿದ್ದರೆ ಒತ್ತಿ, ಸದ್ದು ನಿಲ್ಲುತ್ತದೆ, ಆದರೆ ಒತ್ತದಿದ್ದರೆ ನಮಗೆ ಒಳ್ಳೆಯದು ಎಂದು ಅವರಿಗೆ ಹೇಳಿದ್ದರು. ಇನ್ನೊಂದು ಗುಂಪಿಗೆ ಸ್ವಿಚ್ಚಿರಲಿಲ್ಲ. ಸದ್ದು ನಿಂತ ಮೇಲೆ ಎರಡೂ ಗುಂಪಿಗೆ ಬಿಡಿಸಲಾಗದ ಒಗಟು ಕೊಟ್ಟರು, ಕರಡು ತಿದ್ದಲು ಕೊಟ್ಟರು. ಸ್ವಿಚ್ಚಿಲ್ಲದವರು ಬೇಗ ಕೈಚೆಲ್ಲಿದರು, ತಪ್ಪುಗಳನ್ನೂ ಹೆಚ್ಚು ಬಿಟ್ಟರು. ಸ್ವಿಚ್ಚಿದ್ದವರು ಪಟ್ಟುಹಿಡಿದು ಕೂತರು. ಅವರಲ್ಲಿ ಹೆಚ್ಚಿನವರು ಅದನ್ನು ಮುಟ್ಟಿಯೂ ಇರಲಿಲ್ಲ. ಇಬ್ಬರ ಕಿವಿಗೆ ಬಿದ್ದ ಗದ್ದಲ ಒಂದೇ. ಬೇಕೆಂದರೆ ನಿಲ್ಲಿಸಬಲ್ಲೆ ಎಂಬ ಅರಿವಷ್ಟೇ ವ್ಯತ್ಯಾಸ.

ಕೋಣೆಯೊಳಗಿನ ಸ್ವಲ್ಪ ಹೊತ್ತಿನ ಆಟವನ್ನು ಬದುಕಿಗೆ ಅನ್ವಯಿಸಬಹುದೇ ಎಂಬ ಅನುಮಾನ ಸಹಜ. ಅದಕ್ಕೆ ಉತ್ತರ ಲಂಡನ್ನಿನ ಸರ್ಕಾರಿ ಕಚೇರಿಗಳಲ್ಲಿ ಸಿಗುತ್ತದೆ. ಮೇಲಿನ ಹುದ್ದೆಯವರಿಗೇ ಒತ್ತಡ ಜಾಸ್ತಿ, ಹೃದಯಾಘಾತವೂ ಅವರಿಗೇ ಜಾಸ್ತಿ ಎಂದು ಜನ ತಿಳಿದಿದ್ದರು. 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನ ಹದಿನೇಳು ಸಾವಿರಕ್ಕೂ ಹೆಚ್ಚು ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದಾಗ ಕಂಡದ್ದು ತದ್ವಿರುದ್ಧ: ಕೆಳಗಿನ ದರ್ಜೆಯವರೇ ಹೆಚ್ಚು ಸಾಯುತ್ತಿದ್ದರು. ಸಿಗರೇಟು, ಬಿಪಿಗಳ ಲೆಕ್ಕ ಹಿಡಿದರೂ ಅಂತರ ಪೂರ್ತಿ ಕರಗಲಿಲ್ಲ. 1985ರಲ್ಲಿ ಮೈಕೆಲ್ ಮಾರ್ಮಟ್ ಮುಂದಾಳತ್ವದಲ್ಲಿ ಆರಂಭವಾದ ಎರಡನೇ ಅಧ್ಯಯನ ಇನ್ನೊಂದು ಎಳೆಯನ್ನು ಹಿಡಿದುಕೊಟ್ಟಿತು. ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದಯರೋಗ ಹೆಚ್ಚು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ನಿಂತ ಸಿಟಿ ಬಸ್ಸಿನ ಚಾಲಕನನ್ನು ನೆನೆಸಿಕೊಂಡರೆ ಇದು ಅರ್ಥವಾಗುತ್ತದೆ. ಟ್ರಿಪ್ಪಿನ ಸಮಯ ಡಿಪೋದ್ದು, ಟ್ರಾಫಿಕ್ಕು ಊರಿನದ್ದು, ತಡವಾಯಿತೆಂಬ ಬೈಗುಳ ಮಾತ್ರ ಅವನದ್ದು. ಅವನ ಹಿಂದಿನ ಕಾರಿನಲ್ಲಿ ಕೂತ ಅಧಿಕಾರಿಗೆ ಕೆಲಸ ಇನ್ನೂ ಹೆಚ್ಚಿರಬಹುದು. ಆದರೆ ಫೋನೆತ್ತಿ ಮೀಟಿಂಗನ್ನು ಅರ್ಧ ಗಂಟೆ ಮುಂದೆ ಹಾಕಿ ಎನ್ನುವ ಸ್ವಿಚ್ಚು ಅವರ ಬಳಿ ಇದೆ.

ಇಲ್ಲಿ ಕೆಲವರು ತಲೆಯಾಡಿಸಿ, ಇಷ್ಟೆಲ್ಲ ಯಾಕೆ, ಒತ್ತಡ ಮಿತವಾಗಿದ್ದರೆ ಒಳ್ಳೆಯದು, ಮಿತಿಮೀರಿದರೆ ಕೆಟ್ಟದ್ದು, ಅಷ್ಟೇ ಅಲ್ಲವೇ ಎನ್ನಬಹುದು. ತರಬೇತಿ ಶಿಬಿರಗಳಲ್ಲಿ ಪರದೆಯ ಮೇಲೆ ತೋರಿಸುವ ಗುಡ್ಡದಾಕಾರದ ಗೆರೆ ಹೇಳುವುದೂ ಅದನ್ನೇ. ಆ ಗೆರೆಯ ಮೂಲ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು 1908ರಲ್ಲಿ ಪ್ರಕಟಿಸಿದ ಪ್ರಯೋಗ. ಕಪ್ಪು–ಬಿಳಿ ಪೆಟ್ಟಿಗೆಗಳ ನಡುವಿನ ವ್ಯತ್ಯಾಸ ಕಲಿಸಲು ಸಣ್ಣ ಇಲಿಗಳಿಗೆ ಕರೆಂಟು ಹೊಡೆಸಿ ನೋಡಿದ್ದು ಅದು. ಅಲ್ಲೂ ಸುಲಭದ ಪಾಠಕ್ಕೆ ಒಂದು ಹದ, ಕಷ್ಟದ ಪಾಠಕ್ಕೆ ಇನ್ನೊಂದು. ಇಲಿಯ ಕರೆಂಟನ್ನು ಅಳೆಯಬಹುದು, ಮನೆಯ ಸೊಸೆಯೊಬ್ಬಳ ದಿನವನ್ನು ಅಳೆಯುವ ಮೀಟರಿಲ್ಲ. ಪ್ರಮಾಣಕ್ಕೆ ಬೆಲೆಯಿಲ್ಲವೆಂದಲ್ಲ. ಆದರೆ ಒಂದೇ ಪ್ರಮಾಣದ ಗದ್ದಲ ಇಬ್ಬರನ್ನು ಎರಡು ಬಗೆಯಾಗಿ ಮಾಡಿದ್ದು ಯಾಕೆ ಎಂಬುದಕ್ಕೆ ಆ ಗೆರೆಯಲ್ಲಿ ಉತ್ತರವಿಲ್ಲ.

ಇನ್ನೊಂದು ವಾದ ಇದಕ್ಕೂ ಆಕರ್ಷಕ: ಒತ್ತಡವನ್ನು ನೋಡುವ ದೃಷ್ಟಿ ಬದಲಿಸಿದರೆ ಸಾಕು. ಇದರಲ್ಲಿ ಸತ್ಯಾಂಶವಿದೆ. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು ದೇಹ ಕೆಟ್ಟಿದ್ದರಿಂದಲ್ಲ. ಅಡ್ರಿನಲಿನ್ ಹೃದಯದ ವೇಗ ಹೆಚ್ಚಿಸಿದೆ, ಲಿವರ್ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಿದೆ, ಅಂದರೆ ದೇಹ ಕೆಲಸಕ್ಕೆ ಸೊಂಟ ಕಟ್ಟಿದೆ. ಹಾರ್ವರ್ಡಿನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕ್ಕೆ ಮುನ್ನ ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ಮಾತಾಡಿದರು. ಓಡುತ್ತಿರುವ ಎದೆಯನ್ನು ನಿಲ್ಲಿಸುವುದು ಕಷ್ಟ, ಅದರ ದಾರಿ ತಿರುಗಿಸುವುದು ಸುಲಭ. ಆದರೆ ಈ ಉಪಾಯ ಫಲಿಸಿದ್ದು ಎಂಥ ಕಡೆ? ಭಾಷಣ, ಹಾಡು, ಲೆಕ್ಕ: ಹತ್ತಾರು ನಿಮಿಷದಲ್ಲಿ ಮುಗಿಯುವ, ಫಲ ತನ್ನ ಕೈಯಲ್ಲೇ ಇರುವ ಕೆಲಸಗಳಲ್ಲಿ. ಅಂದರೆ ಹಿಡಿ ಮೊದಲೇ ಇದ್ದ ಕಡೆ. ಅಮೆರಿಕದ ಸುಮಾರು 29 ಸಾವಿರ ಜನರ ಮಾಹಿತಿ ಆಧರಿಸಿದ 2012ರ ವರದಿಯೊಂದನ್ನು ಇದೇ ವಾದಕ್ಕೆ ಬಳಸುವುದುಂಟು. ತೀವ್ರ ಒತ್ತಡದ ಜೊತೆಗೆ ಅದು ಆರೋಗ್ಯ ಕೆಡಿಸುತ್ತಿದೆ ಎಂದೂ ನಂಬಿದವರಲ್ಲಿ ಅಕಾಲ ಸಾವಿನ ಸಾಧ್ಯತೆ ಶೇ 43ರಷ್ಟು ಹೆಚ್ಚಿತ್ತು. ನಂಬಿಕೆಯೇ ಕೊಂದಿತು ಎನ್ನಲು ಇಷ್ಟು ಸಾಲದು. ಆರೋಗ್ಯ ಆಗಲೇ ಹದಗೆಟ್ಟವರು ಹಾಗೆ ನಂಬಿದ್ದರೆ ಅದರಲ್ಲಿ ಅಚ್ಚರಿಯೇನು?

ಎಲ್ಲಕ್ಕಿಂತ ಗಟ್ಟಿ ಆಕ್ಷೇಪ ಬೇರೆಯೇ. ಹಿಡಿಯೇ ಇಲ್ಲದವರಿಗೆ ಹಿಡಿ ಹುಡುಕಿ ಎಂದರೆ ಅದು ಗಾಯಕ್ಕೆ ಉಪ್ಪು ಸವರಿದ ಹಾಗಲ್ಲವೇ? ನಿಜ. ಹಾಸಿಗೆ ಹಿಡಿದ ಅತ್ತೆಯ ಕಾಯಿಲೆ ಯಾರ ಕೈಯಲ್ಲೂ ಇಲ್ಲ. ಆದರೆ ಯಾವ ರಾತ್ರಿ ಯಾರು ಎಚ್ಚರವಿರಬೇಕು ಎಂಬ ಸರದಿ ಮನೆಯವರ ಕೈಯಲ್ಲಿದೆ. ಸರದಿ ಗೊತ್ತಾದ ದಿನ ಅತ್ತೆಯ ರೋಗ ಕಡಿಮೆಯಾಗುವುದಿಲ್ಲ, ಆದರೆ ಆರೈಕೆ ಮಾಡುವವಳಿಗೆ ನಾಳೆ ರಾತ್ರಿ ನಿದ್ದೆಯಿದೆ ಎಂಬ ಭರವಸೆ ಬರುತ್ತದೆ. ದೇಹ ಕೇಳುವುದೂ ಅಷ್ಟನ್ನೇ. ಒತ್ತಡದ ಹಾರ್ಮೋನುಗಳು ಏರಿ ಇಳಿಯಬೇಕು. ಇಳಿಯದೇ ತಿಂಗಳುಗಟ್ಟಲೆ ನಿಂತಾಗ ನಿದ್ದೆ, ನೆನಪು, ರಕ್ತದೊತ್ತಡ ಒಂದೊಂದಾಗಿ ಕೆಡುತ್ತವೆ. ಹಾಗಾಗಿ ಒತ್ತಡವನ್ನು ಒಳ್ಳೆಯದಾಗಿಸುವ ಹೊಣೆ ಅದನ್ನು ಹೊತ್ತವರದ್ದಷ್ಟೇ ಅಲ್ಲ, ಹೊರಿಸಿದವರದ್ದೂ ಹೌದು. ರಾತ್ರಿ ಹತ್ತೂವರೆಗೆ ಆಫೀಸಿನ ವಾಟ್ಸ್ಆ್ಯಪ್ ಗುಂಪಿಗೆ ಬಂದ ಮೆಸೇಜಿನಲ್ಲಿ ‘ನಾಳೆ ನೋಡಿದರೆ ಸಾಕು’ ಎಂಬ ಮೂರು ಪದ ಸೇರಿದರೆ ಹತ್ತು ಮನೆಗಳಿಗೆ ಸ್ವಿಚ್ಚು ಸಿಕ್ಕಂತೆ. ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿಗೆ 2024ರಿಂದ ಒಂದೇ ವರ್ಷದಲ್ಲಿ ಮತ್ತೆ ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ಬಂದದ್ದೂ ಅಂಥದ್ದೇ. ಎಷ್ಟೋ ಮಕ್ಕಳು ಆ ಸ್ವಿಚ್ಚನ್ನು ಒತ್ತದೇ ಇರಬಹುದು, ಆದರೂ ಅದು ಇದೆ ಎಂಬುದು ಮೊದಲ ಪರೀಕ್ಷೆಯ ಬೆಳಿಗ್ಗೆಯೇ ಕೆಲಸ ಮಾಡುತ್ತದೆ. ಇಷ್ಟಾಗಿಯೂ ಕೈಗೆ ಏನೂ ಸಿಗದಂತೆ ಕುಸಿದವರಿಗೆ ಉಪದೇಶದಿಂದ ಪ್ರಯೋಜನವಿಲ್ಲ, ಚಿಕಿತ್ಸೆ ಬೇಕು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

‘ಟೆನ್ಶನ್ ತಗೋಬೇಡ’ ಎನ್ನುವವರ ಕಕ್ಕುಲತೆ ಸುಳ್ಳಲ್ಲ. ಆದರೆ ಆ ಮಾತು ಭಾರವನ್ನೆಲ್ಲ ಕೇಳಿಸಿಕೊಳ್ಳುವವರ ಮೇಲೇ ಬಿಟ್ಟು ಹೋಗುತ್ತದೆ. ಅದರ ಬದಲು, ಇದರಲ್ಲಿ ನಿನ್ನ ಕೈಯಲ್ಲಿರುವುದು ಯಾವುದು, ಉಳಿದದ್ದರಲ್ಲಿ ನಾನು ಯಾವುದಕ್ಕೆ ಕೈಹಾಕಲಿ ಎಂದು ಕೇಳಬಹುದು. ಕೇಳುವುದಕ್ಕೆ ಅಷ್ಟೇ ಹೊತ್ತು ಸಾಕು, ಉತ್ತರ ಬಂದಮೇಲೆ ಮಾತ್ರ ಕೇಳಿದವರಿಗೂ ಸ್ವಲ್ಪ ಕೆಲಸವಿರುತ್ತದೆ.