ಮಾವನ ಕೋಣೆಗೆ ಯಾವ ಫೋಮ್?

ಡಿಪ್ಲೊಮಾ ಮುಗಿಸಿ ಹಾಸನದಲ್ಲಿ ಕೆಲಸ ಹುಡುಕುತ್ತಿದ್ದೆ. ಹೊಳೆನರಸೀಪುರದ ಸೋದರಮಾವ ಜಲಂಧರ್‌ನಿಂದ ತರಿಸುವ ಬಿತ್ತನೆ ಆಲೂಗೆಡ್ಡೆ ಇಡಲು ಶೀಟಿನ ಕೋಣೆಯೊಂದನ್ನು ಕೋಲ್ಡ್ ಸ್ಟೋರೇಜ್ ಮಾಡಲು ಹೊರಟಿದ್ದರು. ‘ಒಳಗೆ ಫೋಮ್ ಹೊಡೆಸ್ಬೇಕು, ಯಾವ್ದು ಅಗ್ಗ ನೋಡ್ಲಾ’ ಅಂದರು.

ಅಗ್ಗದ್ದು ಓಪನ್ ಸೆಲ್. ಬನ್ನಿನಂತೆ ಮೆತ್ತಗೆ. ಅರಕಲಗೂಡಿನ ಅತ್ತೆಮನೆಯ ಒಳಕೋಣೆಗೆ, ಟಿ.ವಿ. ಸದ್ದು ತಗ್ಗಿಸಲು ಅದು ಸಾಕು. ಆದರೆ ನೀರಾವಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೋಣೆಯೊಳಗೆ 3–4 ಡಿಗ್ರಿ ಚಳಿ, ಹೊರಗೆ ಮಳೆಗಾಲದ ಗಾಳಿ; ಆವಿ ಫೋಮಿನಲ್ಲೇ ನೀರಾಗಿ ನಿಲ್ಲುತ್ತದೆ. ಕ್ಲೋಸ್ಡ್ ಸೆಲ್ ಗಟ್ಟಿ, ಆವಿಗೆ ದಾರಿ ಕೊಡದು. ದುಬಾರಿ.

ಮಾವ ಮುಖ ಸಿಂಡರಿಸಿದರು. ‘ಹೋದ ವರ್ಷ ಕೊಳೆತ ಗೆಡ್ಡೆಯ ಲೆಕ್ಕ ಹಾಕಿ ಮಾವ’ ಅಂದೆ. ಸುಮ್ಮನೆ ದುಡ್ಡು ಎಣಿಸಿದರು. ಎರಡೂ ಬೆಂಕಿಗೆ ಹೆದರುವಂಥವೇ. ಮೇಲೊಂದು ಹೊದಿಕೆಯನ್ನೂ ಹಾಕಿಸಿದೆ.

ಮೊನ್ನೆ ಚನ್ನರಾಯಪಟ್ಟಣದಿಂದ ಯಾರೋ ಫೋನ್ ಮಾಡಿ, ನಮ್ಮದೂ ನೋಡಿಕೊಡ್ತೀರಾ ಅಂದರು. ಎಷ್ಟು ಕೇಳಬೇಕೋ ತಿಳಿಯದೆ ಮಾವನಿಗೇ ಫೋನ್ ಕೊಟ್ಟೆ.