ಗಡಿ ದಾಟುವ ಬಾವುಟ

1956ರ ನವೆಂಬರ್ 1ರ ಹಿಂದಿನ ದಿನದವರೆಗೂ ಇಟಿಕ್ಯಾಲ ರಾಯಚೂರು ಜಿಲ್ಲೆಯ ಊರು. ಮರುದಿನ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಮಾತ್ರ, ಅವುಗಳೊಡನೆ ಇಟಿಕ್ಯಾಲವನ್ನೂ, ಬೇರ್ಪಡಿಸಿ ಆಂಧ್ರಪ್ರದೇಶಕ್ಕೆ ಕೊಟ್ಟರು. ಕೃಷ್ಣಾ–ತುಂಗಭದ್ರೆಯರ ನಡುವಿನ ಈ ನೆಲ ಕಂಡಷ್ಟು ಬಾವುಟಗಳನ್ನು ಬೆಂಗಳೂರೂ ಕಂಡಿರಲಾರದು.

1948ರ ಸೆಪ್ಟೆಂಬರ್‌ವರೆಗೆ ಇಲ್ಲಿ ನಿಜಾಮರ ಬಾವುಟವಿತ್ತು. ಹಳದಿ ಬಟ್ಟೆ, ನಟ್ಟನಡುವೆ ಬಿಳಿ ದುಂಡು. ಹುಣ್ಣಿಮೆ ಚಂದ್ರ ಅಂದುಕೊಂಡೀರಿ, ಅದು ಕುಲ್ಚಾ ರೊಟ್ಟಿ! ಹಸಿದು ಬಂದ ಮೊದಲನೆಯ ನಿಜಾಮನಿಗೆ ಸೂಫಿ ಸಂತರೊಬ್ಬರು ಕುಲ್ಚಾ ಬಡಿಸಿದರಂತೆ. ಆತ ಏಳು ತಿಂದ. ಏಳು ತಲೆಮಾರು ಆಳುತ್ತೀ ಎಂದು ಅವರು ಹರಸಿದರಂತೆ. ಏಳನೆಯವರಾದ ಮೀರ್ ಉಸ್ಮಾನ್ ಅಲಿ ಖಾನರ ಕಾಲಕ್ಕೇ ದೊರೆತನ ಮುಗಿಯಿತು. ಲೆಕ್ಕವನ್ನು ಆಮೇಲೆ ಯಾರೋ ಹೊಂದಿಸಿರಬೇಕು ಅನ್ನಿಸುವಷ್ಟು ಸರಿಯಾಗಿದೆ.

ಕನ್ನಡದ ಹಳದಿ-ಕೆಂಪು ಬಾವುಟಕ್ಕೆ ಇಂಥ ಅರಮನೆಯ ಕಥೆಯಿಲ್ಲ. 1960ರ ದಶಕದಲ್ಲಿ ಅದನ್ನು ರೂಪಿಸಿದವರು ಮ. ರಾಮಮೂರ್ತಿ, ಪತ್ರಕರ್ತರು, ಪತ್ತೇದಾರಿ ಕಾದಂಬರಿಕಾರರು, ಕನ್ನಡ ಚಳವಳಿಯ ಮುಂದಾಳು. ಮೇಲೆ ಅರಿಶಿನ, ಕೆಳಗೆ ಕುಂಕುಮ. ಯಾವ ಸರ್ಕಾರವೂ ಹೊರಡಿಸದ ಈ ಬಾವುಟ ಆಟೊ ನಿಲ್ದಾಣದ ಕಂಬ ಏರಿತು, ಸಿನಿಮಾ ಮಂದಿರದ ಮುಂದೆ ಹಾರಿತು, ಹೋರಾಟಗಾರರ ಹೆಗಲಿನ ಶಾಲಾಯಿತು.

2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಅಧಿಕೃತ ನಾಡಧ್ವಜಕ್ಕಾಗಿ ಸಮಿತಿ ರಚಿಸಿತು. 2018ರ ಮಾರ್ಚ್ 8ರಂದು ಹೊಸ ವಿನ್ಯಾಸ ಹೊರಬಿತ್ತು: ಹಳದಿ, ಕೆಂಪುಗಳ ನಡುವೆ ಬಿಳಿ ಪಟ್ಟಿ, ಅದರ ಮೇಲೆ ಗಂಡಭೇರುಂಡದ ರಾಜ್ಯ ಲಾಂಛನ. ಒಪ್ಪಿಗೆ ಕೋರಿ ಅದು ಕೇಂದ್ರಕ್ಕೆ ಹೋಯಿತು. ರಾಜ್ಯಗಳ ಬಾವುಟಕ್ಕೆ ಅದು ಒಳ್ಳೆಯ ಕಾಲವಾಗಿರಲಿಲ್ಲ: ಮರುವರ್ಷವೇ ಸಂವಿಧಾನದ 370ನೇ ವಿಧಿಯ ಜತೆ ಜಮ್ಮು–ಕಾಶ್ಮೀರದ ಪ್ರತ್ಯೇಕ ಬಾವುಟವೂ ಇಳಿಯಿತು.

ಗಂಡಭೇರುಂಡದ ಬಗ್ಗೆ ನನಗೆ ತಕರಾರಿಲ್ಲ. ಬಳ್ಳಿಗಾವಿಯ ಕಂಬದ ಮೇಲೆ ಅದು 1047ರಿಂದ ನಿಂತಿದೆ. ಮೈಸೂರಿನ ಒಡೆಯರಿಗಿಂತ ಎಷ್ಟೋ ಹಳೆಯದು. ತಕರಾರು ಲಾಂಛನದ ಬಗ್ಗೆ. ಅದು ಬಂದು ಕೂತೊಡನೆ ಬಾವುಟ ವಿಧಾನಸೌಧದ್ದಾಗುತ್ತದೆ, ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆ. ಗದ್ವಾಲ, ಮಖ್ತಲ್, ನಾರಾಯಣಪೇಟೆಯ ಕನ್ನಡ ಮನೆಗಳಿಗೆ ಕರ್ನಾಟಕ ಸರ್ಕಾರದ ಗುರುತು ಏಕೆ ಬೇಕು? ಆಂಧ್ರ ಇಬ್ಭಾಗವಾದ ಮೇಲೆ ಅವರದು ತೆಲಂಗಾಣ ಸರ್ಕಾರ, ಮನೆಮಾತು ಕನ್ನಡ. ಅಲ್ಲದೆ ಲಾಂಛನದ ನೆತ್ತಿಯ ಮೇಲೆ ಅಶೋಕನ ಸಿಂಹಗಳಿವೆ. ಅವನ್ನು ಕಂಡಕಂಡಲ್ಲಿ ಬಳಸದಂತೆ 2005ರ ಕಾನೂನು ತಡೆಯುತ್ತದೆ. ರಾಮಮೂರ್ತಿಯವರ ಬಾವುಟಕ್ಕಾದರೆ ಎರಡು ತುಂಡು ಬಟ್ಟೆ ಸಾಕು, ಇಟಿಕ್ಯಾಲದ ದರ್ಜಿಯೂ ಯಾರ ಅಪ್ಪಣೆಯಿಲ್ಲದೆ ಹೊಲಿದುಕೊಡಬಹುದು.